ಆಂಟಿ ಆಕ್ಸಿಡೆಂಟ್ ಡಬ್ಬಿ ಕೊಳ್ಳುವ ಮುಂಚೆ ಒಂದು ಆಲೂಗಡ್ಡೆ ಹೆಚ್ಚಿ ನೋಡಿ

ನಮ್ಮ ಚಿಕ್ಕಪ್ಪ ಮೂಡಿಗೆರೆ ಕಡೆಯಿಂದ ಹಾಸನಕ್ಕೆ ಬಂದರೆ ಚೀಲದಲ್ಲಿ ಒಂದಿಷ್ಟು ಕಾಳುಮೆಣಸು, ಒಂದು ಬಾಳೆದಿಂಡು ಇದ್ದೇ ಇರುತ್ತದೆ. ಈ ಸಲ ಜೊತೆಗೊಂದು ಪ್ಲಾಸ್ಟಿಕ್ ಡಬ್ಬಿಯೂ ಇತ್ತು. ಅರವತ್ತು ಕ್ಯಾಪ್ಸೂಲ್, 1,850 ರೂಪಾಯಿ. ಪರಿಚಯದವರೊಬ್ಬರು ಮನೆಗೇ ಬಂದು ಮಾರಿ ಹೋಗಿದ್ದರಂತೆ. "ಆಂಟಿ ಆಕ್ಸಿಡೆಂಟ್ ಐತಂತೆ ಕಣ್ಲಾ. ನಲವತ್ತು ವರ್ಷ ಬೀಡಿ ಸೇದಿದ್ದನ್ನೆಲ್ಲಾ ತೊಳೆದು ಹಾಕ್ತದಂತೆ" ಎಂದರು.

ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವನು, ಡಾಕ್ಟರ್ ಅಲ್ಲ. ಆದರೂ ಡಬ್ಬಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದಾಗ ಒಂದು ಹೆಸರು ಕಣ್ಣಿಗೆ ಬಿತ್ತು. ಅದರ ಕಥೆ ಆಮೇಲೆ. ಅವತ್ತು ಚಿಕ್ಕಪ್ಪನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ನಿಮ್ಮ ಒಳಗೆ ಏನಿದೆ ಅಂತ ಮೊದಲು ನೋಡಿ

ಹಾಸನದಲ್ಲಿ ಆಲೂಗಡ್ಡೆಗೆ ಬರವಿಲ್ಲ. ಒಂದು ತಗೊಂಡು ಎರಡು ಬಿಲ್ಲೆ ಹೆಚ್ಚಿ. ಒಂದು ಹಸಿಯಾಗೇ ಇರಲಿ. ಇನ್ನೊಂದನ್ನು ಚೆನ್ನಾಗಿ ಬೇಯಿಸಿ ಆರಲು ಬಿಡಿ. ಮೆಡಿಕಲ್ ಶಾಪಿನಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡ್‌ನ ಸಣ್ಣ ಬಾಟಲಿ ಸಿಗುತ್ತದೆ. ಎರಡು ಬಿಲ್ಲೆಗಳ ಮೇಲೂ ನಾಲ್ಕು ನಾಲ್ಕು ಹನಿ ಬಿಡಿ. ಹಸಿ ಬಿಲ್ಲೆ ಸೋಪಿನ ನೊರೆಯ ಹಾಗೆ ಬುಸಬುಸ ಉಕ್ಕುತ್ತದೆ. ಬೆಂದದ್ದು ಏನೂ ಆಗದ ಹಾಗೆ ಸುಮ್ನೆ ಕೂತಿರುತ್ತದೆ. ನೋಡಿ ಆದಮೇಲೆ ಎರಡನ್ನೂ ಕಸಕ್ಕೆ ಹಾಕಿ, ಪಲ್ಯಕ್ಕಲ್ಲ.

ಆ ನೊರೆಯಲ್ಲಿರುವುದು ಆಕ್ಸಿಜನ್. ಹಸಿ ಆಲೂಗಡ್ಡೆಯ ಜೀವಕೋಶದಲ್ಲಿ ಕ್ಯಾಟಲೇಸ್ ಅನ್ನುವ ಕಿಣ್ವ ಇದೆ. ಅದು ಪೆರಾಕ್ಸೈಡನ್ನು ಒಡೆದು ನೀರು, ಆಕ್ಸಿಜನ್ ಮಾಡಿಬಿಡುತ್ತದೆ. ಬೇಯಿಸಿದರೆ ಕಿಣ್ವ ಕೆಟ್ಟುಹೋಗುತ್ತದೆ, ಆಗ ನೊರೆ ಬರುವುದಿಲ್ಲ. ಇದೇ ಕಿಣ್ವ ನಿಮ್ಮ ರಕ್ತದಲ್ಲೂ ಇದೆ, ಲಿವರ್‌ನಲ್ಲೂ ಇದೆ. ಗಾಯಕ್ಕೆ ಪೆರಾಕ್ಸೈಡ್ ಹಾಕಿದಾಗ ನೊರೆ ಏಳುವುದು ಅದಕ್ಕೇ.

ದೇಹಕ್ಕೆ ಈ ಕಿಣ್ವ ಯಾಕೆ ಬೇಕು ಅಂದರೆ, ನಾವು ಉಸಿರಾಡುವ ಆಕ್ಸಿಜನ್ನೇ ಸ್ವಲ್ಪ ಪೋಕರಿ. ಊಟವನ್ನು ಶಕ್ತಿಯಾಗಿ ಬದಲಾಯಿಸುವ ಕೆಲಸ ಜೀವಕೋಶದ ಮೈಟೋಕಾಂಡ್ರಿಯಾದಲ್ಲಿ ನಡೆಯುತ್ತದೆ. ಆ ಕೆಲಸದ ನಡುವೆ ಒಂದೊಂದು ಎಲೆಕ್ಟ್ರಾನ್ ಸೋರಿ ಆಕ್ಸಿಜನ್ನಿಗೆ ಅಂಟಿಕೊಳ್ಳುತ್ತದೆ. ಎಲೆಕ್ಟ್ರಾನ್‌ಗಳು ಸಾಮಾನ್ಯವಾಗಿ ಜೋಡಿಯಾಗಿ ಇರುತ್ತವೆ. ಒಂಟಿ ಎಲೆಕ್ಟ್ರಾನ್ ಇರುವ ಅಣುವೇ ಫ್ರೀ ರ‍್ಯಾಡಿಕಲ್.

ಹಾಸನಾಂಬೆ ದರ್ಶನದ ದಿನಗಳಲ್ಲಿ ಚಪ್ಪಲಿ ಬಿಟ್ಟ ಜಾಗ ನೆನಪಿಸಿಕೊಳ್ಳಿ. ಹೊರಗೆ ಬಂದವನಿಗೆ ಒಂದೇ ಕಾಲಿನ ಚಪ್ಪಲಿ ಸಿಕ್ಕಿದೆ. ಅವನು ಏನು ಮಾಡುತ್ತಾನೆ? ಪಕ್ಕದ ಜೋಡಿಯಿಂದ ಒಂದನ್ನು ಎಗರಿಸುತ್ತಾನೆ. ಆ ಜೋಡಿಯವನು ಬಂದು ಇನ್ನೊಬ್ಬನದಕ್ಕೆ ಕೈ ಹಾಕುತ್ತಾನೆ. ಹೀಗೇ ಸಾಲು ಪೂರ್ತಿ ಕೆಡುತ್ತದೆ. ಜೀವಕೋಶದ ಹೊರಪದರದಲ್ಲಿರುವ ಕೊಬ್ಬಿನಲ್ಲಿ ನಡೆಯುವುದು ಥೇಟ್ ಇದೇ. ಒಂದು ಕೊಬ್ಬಿನ ಅಣು ಕೆಟ್ಟರೆ ಅದು ಪಕ್ಕದ್ದನ್ನು ಕೆಡಿಸುತ್ತದೆ, ಆ ಪಕ್ಕದ್ದು ಮುಂದಿನದನ್ನು. ಪದರ ಸೋರತೊಡಗುತ್ತದೆ. ಪ್ರೋಟೀನು, ಡಿಎನ್‌ಎ ಕೂಡ ಇದೇ ಥರ ಏಟು ತಿನ್ನುತ್ತವೆ.

ಈ ಸಾಲಿನಲ್ಲಿ ವಿಟಮಿನ್ ಇ ಅಂದರೆ ತನ್ನ ಚಪ್ಪಲಿ ಕೊಟ್ಟು, ಇನ್ನೊಬ್ಬರದಕ್ಕೆ ಕೈ ಹಾಕದೆ, ಒಂದೇ ಚಪ್ಪಲಿಯಲ್ಲಿ ಸುಮ್ಮನೆ ನಿಲ್ಲುವ ಮನುಷ್ಯ. ಗಲಾಟೆ ಅಲ್ಲಿಗೆ ನಿಲ್ಲುತ್ತದೆ. ಹೀಗೆ ಗಲಾಟೆ ತಡೆಯುವುದನ್ನೇ ಆಂಟಿ ಆಕ್ಸಿಡೆಂಟ್ ಅನ್ನುವುದು. ವಿಟಮಿನ್ ಸಿ ಬಂದು ಅವನಿಗೆ ಚಪ್ಪಲಿ ಕೊಟ್ಟು ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಒಂದು ಎಣ್ಣೆಯಲ್ಲಿ ಕರಗುವುದು, ಇನ್ನೊಂದು ನೀರಿನಲ್ಲಿ. ಪದರದ ಒಳಗೆ ಒಬ್ಬ, ಹೊರಗೆ ಒಬ್ಬ.

ಆದರೆ ಇವರಿಬ್ಬರೂ ಎರಡನೇ ಸಾಲಿನ ಕಾವಲುಗಾರರು. ಮೊದಲ ಸಾಲಿನಲ್ಲಿರುವುದು ಕಿಣ್ವಗಳು. ಸೂಪರ್ ಆಕ್ಸೈಡ್ ಅನ್ನುವ ರ‍್ಯಾಡಿಕಲ್ ಹುಟ್ಟಿದ ಕೂಡಲೇ ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್ ಅದನ್ನು ಪೆರಾಕ್ಸೈಡ್ ಮಾಡುತ್ತದೆ. ಇದನ್ನು 1969ರಲ್ಲಿ ಅಮೆರಿಕದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಕಂಡುಹಿಡಿದರು. ಆ ಪೆರಾಕ್ಸೈಡನ್ನು ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಸೇರಿ ನೀರು ಮಾಡುತ್ತವೆ. ಇವುಗಳಲ್ಲಿ ಕೆಲವಕ್ಕೆ ತಾಮ್ರ, ಸತು, ಮ್ಯಾಂಗನೀಸ್, ಸೆಲೆನಿಯಂ ಬೇಕು. ಅದೂ ಚಿಟಿಕೆಯಷ್ಟು.

ಪೆರಾಕ್ಸೈಡ್ ಹಾಗೇ ಉಳಿದು, ಅಲ್ಲಿ ಬಿಡಿ ಕಬ್ಬಿಣವೂ ಸಿಕ್ಕರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಇದು ಮಹಾ ಕೆಟ್ಟದ್ದು. ಕಣ್ಣು ಮಿಟುಕಿಸುವ ಹೊತ್ತಿನ ಕೋಟಿಯಲ್ಲೊಂದು ಪಾಲಿನಷ್ಟೂ ಕಾಯದೆ ಪಕ್ಕದಲ್ಲಿ ಯಾವುದಿದೆಯೋ ಅದನ್ನೇ ಹೊಡೆಯುತ್ತದೆ. ಯಾವ ಮಾತ್ರೆಯೂ ಅಷ್ಟು ಬೇಗ ಓಡಿ ಹೋಗಿ ಅದನ್ನು ಹಿಡಿಯಲಾರದು. ಅದಕ್ಕೇ ದೇಹ ಅದನ್ನು ಹಿಡಿಯಲು ಹೋಗುವುದಿಲ್ಲ, ಹುಟ್ಟದಂತೆ ನೋಡಿಕೊಳ್ಳುತ್ತದೆ. ಕಬ್ಬಿಣವನ್ನು ಪ್ರೋಟೀನ್‌ಗಳೊಳಗೆ ಬೀಗ ಹಾಕಿ ಇಡುತ್ತದೆ. ಪೆರಾಕ್ಸೈಡನ್ನು ಬೇಗ ಬೇಗ ಖಾಲಿ ಮಾಡುತ್ತದೆ. ನಾವೂ ಇದೇ ದಾರಿ ಹಿಡಿಯಬೇಕು ಅನ್ನುವುದು ನನ್ನ ವಾದ.

ಒಂದು ಮಾತು ಬಿಟ್ಟುಹೋಗುತ್ತಿತ್ತು. ಫ್ರೀ ರ‍್ಯಾಡಿಕಲ್ ಪೂರ್ತಿ ಶತ್ರುವಲ್ಲ. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಇವನ್ನೇ ಬೇಕಂತಲೇ ತಯಾರಿಸುತ್ತವೆ. ಹುಟ್ಟಿನಿಂದಲೇ ಆ ಶಕ್ತಿ ಇಲ್ಲದ ಮಕ್ಕಳಿಗೆ ಮೇಲಿಂದ ಮೇಲೆ ಸೋಂಕು ಬರುತ್ತದೆ. ಹಾಗಾಗಿ "ಎಲ್ಲವನ್ನೂ ತೊಳೆದು ಹಾಕುತ್ತೇವೆ" ಅನ್ನುವ ಜಾಹೀರಾತು ನಿಜವೇ ಆಗಿದ್ದರೆ ಗಾಬರಿಯಾಗಬೇಕಿತ್ತು.

ಹೆಜ್ಜೆ 2: ಒಲೆಗೆ ಸೌದೆ ಹಾಕುವುದನ್ನು ನಿಲ್ಲಿಸಿ

ಮೊದಲು ಬೀಡಿ, ಸಿಗರೇಟು. ಒಂದೇ ದಮ್ಮಿನ ಹೊಗೆಯಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ರ‍್ಯಾಡಿಕಲ್‌ಗಳಿರುತ್ತವೆ. ಸೇದುವವರ ರಕ್ತದಲ್ಲಿ ವಿಟಮಿನ್ ಸಿ ಕಡಿಮೆಯಾಗುವುದೂ ಇದರಿಂದಲೇ. ದಿನಾ ಖರ್ಚಾಗಿ ಹೋಗುತ್ತದೆ. ಚಿಕ್ಕಪ್ಪ ಈ ಮಾತು ಬಂದಾಗ ಕಿಟಕಿ ಕಡೆ ನೋಡುತ್ತಿದ್ದರು.

ಹೊಗೆ ಅಂದರೆ ಒಲೆಯ ಹೊಗೆಯೂ ಸೇರಿತು. ಮಲೆನಾಡಿನ ಬಚ್ಚಲಮನೆಗಳಲ್ಲಿ ಹಂಡೆ ಒಲೆ ಇನ್ನೂ ಉರಿಯುತ್ತದೆ. ಹಸಿ ಸೌದೆ ಹಾಕಿ ಊದುವವರು ಮನೆಯ ಹೆಂಗಸರೇ. ಸೌದೆ ಒಣಗಿರಲಿ, ಹೊಗೆ ಹೋಗಲು ದಾರಿ ಇರಲಿ.

ಇನ್ನು ತೋಟದ ವಿಷಯ. ಇದನ್ನು ಯಾಕೆ ಇಲ್ಲಿ ತಂದೆ ಅನ್ನಬೇಡಿ. ಫ್ರೀ ರ‍್ಯಾಡಿಕಲ್ ಒಂದು ಅಂಗಾಂಶವನ್ನು ಹೇಗೆ ಸುಡುತ್ತದೆ ಅನ್ನಲು ಪ್ಯಾರಾಕ್ವಾಟ್ ಕಳೆ ಔಷಧಿಗಿಂತ ಭಯಂಕರ ಉದಾಹರಣೆ ನನಗೆ ಗೊತ್ತಿಲ್ಲ. ಅದರ ಒಂದು ಅಣು ಜೀವಕೋಶದಿಂದ ಎಲೆಕ್ಟ್ರಾನ್ ತಗೊಂಡು ಆಕ್ಸಿಜನ್ನಿಗೆ ಕೊಡುತ್ತದೆ. ಸೂಪರ್ ಆಕ್ಸೈಡ್ ಹುಟ್ಟುತ್ತದೆ. ಅಣು ಮಾತ್ರ ಖರ್ಚಾಗುವುದಿಲ್ಲ. ವಾಪಸ್ ಬಂದು ಇನ್ನೊಂದು ಎಲೆಕ್ಟ್ರಾನ್ ತಗೊಳ್ಳುತ್ತದೆ. ಹೀಗೇ ಸುತ್ತುತ್ತಲೇ ಇರುತ್ತದೆ. ದೇಹದ ಕಿಣ್ವಗಳು ಸೋಲುತ್ತವೆ. ಶ್ವಾಸಕೋಶ ಬೇರೆ ಇದನ್ನು ಎಳೆದು ತನ್ನೊಳಗೆ ತುಂಬಿಕೊಳ್ಳುತ್ತದೆ. ಅಲ್ಲಂತೂ ಆಕ್ಸಿಜನ್ ಧಾರಾಳ. ಅದಕ್ಕೇ ಈ ವಿಷ ಹೊಟ್ಟೆಗೆ ಹೋದವರಿಗೆ ಡಾಕ್ಟರುಗಳು ಆಕ್ಸಿಜನ್ ಕೊಡಲೂ ಹಿಂದೆ ಮುಂದೆ ನೋಡುತ್ತಾರೆ, ತೀರಾ ಬೇಕಾದಾಗ ಮಾತ್ರ ಕೊಡುತ್ತಾರೆ. ಇದಕ್ಕೆ ಖಚಿತವಾದ ಪ್ರತಿವಿಷ ಇಲ್ಲ.

ಔಷಧಿ ಹೊಡೆಯುವವರು ಇಷ್ಟು ಮಾಡಲೇಬೇಕು. ಬೆನ್ನಿಗೆ ಹಾಕುವ ಕ್ಯಾನ್ ಸೋರುತ್ತಿದೆಯೇ ಅಂತ ಮೊದಲು ಬರೀ ನೀರು ತುಂಬಿ ನೋಡಿ. ತುಂಬು ತೋಳಿನ ಅಂಗಿ, ಗ್ಲೌಸ್, ಬೂಟು ಬೇಕು. ಕೈಕಾಲಿನಲ್ಲಿ ಗಾಯ ಇದ್ದರೆ ಅವತ್ತು ಆ ಕೆಲಸ ಬೇಡ. ನಾಜಲ್ ಕಟ್ಟಿಕೊಂಡರೆ ಬಾಯಿ ಹಾಕಿ ಊದಬೇಡಿ, ತಂತಿಯೂ ಬೇಡ, ಹಳೇ ಬ್ರಷ್ ಸಾಕು. ಉಳಿದ ಔಷಧಿಯನ್ನು ನೀರಿನ ಅಥವಾ ಜ್ಯೂಸಿನ ಬಾಟಲಿಗೆ ಯಾವತ್ತೂ ತುಂಬಬೇಡಿ. ಒಂದು ಗುಟುಕು ಹೊಟ್ಟೆಗೆ ಹೋದರೂ, ಚೆನ್ನಾಗೇ ಇದ್ದೇನೆ ಅನ್ನಿಸಿದರೂ, ಆ ಕ್ಷಣವೇ ಆಸ್ಪತ್ರೆಗೆ ಓಡಿ. ಶ್ವಾಸಕೋಶ ಕೆಡುವುದು ಕೆಲವು ದಿನಗಳಾದ ಮೇಲೆ ಕಾಣುತ್ತದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಕುಡಿಯುವ ಅಭ್ಯಾಸ ಇರುವವರಿಗೂ ಒಂದು ಎಚ್ಚರಿಕೆ. ಮೈಕೈ ನೋವು ಅಂತ ಪ್ಯಾರಾಸಿಟಮಾಲ್ ನುಂಗುತ್ತಾರಲ್ಲ, ಅದರ ಒಂದು ಪಾಲು ಲಿವರ್‌ನಲ್ಲಿ ವಿಷವಾಗುತ್ತದೆ. ದೇಹ ತಾನೇ ತಯಾರಿಸಿಕೊಳ್ಳುವ ಗ್ಲುಟಾಥಯೋನ್ ಅನ್ನುವ ಆಂಟಿ ಆಕ್ಸಿಡೆಂಟ್ ಅದನ್ನು ಹಿಡಿದು ಹೊರಗೆ ಹಾಕುತ್ತದೆ. ಮಾತ್ರೆ ಅತಿಯಾದರೆ ಗ್ಲುಟಾಥಯೋನ್ ಖಾಲಿ, ಲಿವರ್ ಕೋಶಗಳು ಸಾಯತೊಡಗುತ್ತವೆ. ಕುಡಿತ ಜಾಸ್ತಿ, ಊಟ ಕಮ್ಮಿ ಇದ್ದವರಲ್ಲಿ ಅದು ಮೊದಲೇ ಕಮ್ಮಿ ಇರುತ್ತದೆ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು. 650ರ ಮಾತ್ರೆ ಆದರೆ ಆರಕ್ಕೆ ಲೆಕ್ಕ ಮುಗಿಯಿತು. ಕುಡಿಯುವವರು ತಮಗೆ ಎಷ್ಟು ಅಂತ ಡಾಕ್ಟರನ್ನೇ ಕೇಳಬೇಕು.

ಹೆಜ್ಜೆ 3: ಎಣ್ಣೆಯನ್ನು ಮೂಸಿ ನೋಡಿ

ಚಪ್ಪಲಿ ಸಾಲಿನ ಗಲಾಟೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಮೂಗಿಗೆ ಗೊತ್ತಾಗುತ್ತದೆ. ಎಣ್ಣೆ ಕಮಟು ವಾಸನೆ ಬರುತ್ತದಲ್ಲ, ಅದು ಇದೇ. ಎರಡು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿ. ಹಳೇ ಕಡಲೆಬೀಜದ, ಪೇಂಟಿನ ಥರದ ವಾಸನೆ ಬಂದರೆ ದೀಪಕ್ಕೂ ಬೇಡ ಅನ್ನುವಷ್ಟು ಕೆಟ್ಟಿದೆ ಅಂತ ತಿಳಿಯಿರಿ.

ಎಣ್ಣೆಯನ್ನು ಕೆಡಿಸುವುದು ಮೂರು: ಬಿಸಿ, ಬೆಳಕು, ಗಾಳಿ. ನಮ್ಮನೆಯಲ್ಲಿ ಎಣ್ಣೆ ಬಾಟಲಿ ವರ್ಷಗಟ್ಟಲೆ ಇದ್ದದ್ದು ಒಲೆ ಪಕ್ಕದ ಕಿಟಕಿಯ ಮೇಲೆ, ಅಂದರೆ ಮೂರೂ ಒಟ್ಟಿಗೆ ಸಿಗುವ ಜಾಗದಲ್ಲಿ! ಪಾಠ ಮಾಡುವುದು ಸುಲಭ. ಈಗ ಕಪಾಟಿನೊಳಗೆ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇವೆ. ಹುಚ್ಚೆಳ್ಳು ಬೇಗ ಕಮಟುತ್ತದೆ, ಅದರ ಎಣ್ಣೆಯ ಗುಣವೇ ಅಂಥದ್ದು. ಚಟ್ನಿಪುಡಿ ಒಂದು ತಿಂಗಳಿಗೆ ಆಗುವಷ್ಟೇ ಮಾಡಿ. ಎಳ್ಳೆಣ್ಣೆ ಬೇಗ ಕೆಡುವುದಿಲ್ಲ. ಸೆಸಮಾಲ್ ಅನ್ನುವ ಕಾವಲುಗಾರ ಅದರಲ್ಲೇ ಇದ್ದಾನೆ.

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಪ್ರತಿ ಸಲ ಕಾದಾಗಲೂ ಕೆಟ್ಟ ಅಣುಗಳು ಕೂಡಿಕೊಳ್ಳುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರ ಇದಕ್ಕೆ 2018ರ ಜುಲೈನಿಂದ ಒಂದು ಮಿತಿ ಹಾಕಿದೆ. ಕೆಟ್ಟ ಅಂಶ ನೂರಕ್ಕೆ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಮನೆಯಲ್ಲಿ ಅಳೆಯಲು ಮೀಟರ್ ಇಲ್ಲ. ಬಣ್ಣ ಕಪ್ಪಾಗಿ, ಮಂದವಾಗಿ, ಬಜ್ಜಿ ಬಿಟ್ಟ ಕೂಡಲೇ ಬಾಣಲೆ ತುಂಬ ಸಣ್ಣ ನೊರೆ ನಿಂತರೆ ಮುಗಿಯಿತು. ಹಳೇದಕ್ಕೆ ಹೊಸ ಎಣ್ಣೆ ಬೆರೆಸಿ ಸರಿಮಾಡಿದೆ ಅಂದುಕೊಳ್ಳಬೇಡಿ. ಹಳೇದು ಹೊಸದನ್ನೂ ಬೇಗ ಕೆಡಿಸುತ್ತದೆ. ಕರಿಯುವುದಿದ್ದರೆ ಸಣ್ಣ ಬಾಣಲೆಯಲ್ಲಿ ಕಮ್ಮಿ ಎಣ್ಣೆ ಇಡಿ, ಉಳಿದದ್ದನ್ನು ಸೋಸಿ ಎರಡು ದಿನದೊಳಗೆ ಒಗ್ಗರಣೆಗೆ ಖಾಲಿ ಮಾಡಿ.

ಹೆಜ್ಜೆ 4: ತಟ್ಟೆಯಲ್ಲಿ ಏನಿದೆ, ಅದನ್ನು ಕೆಡಿಸದೆ ತಿನ್ನುವುದು ಹೇಗೆ

ಚಿಕ್ಕಪ್ಪ ತಂದ ಬಾಳೆದಿಂಡನ್ನೇ ಅವತ್ತು ಹೆಚ್ಚಿದೆವು. ಬಿಲ್ಲೆಗಳನ್ನು ಹೆಚ್ಚುತ್ತಿದ್ದ ಹಾಗೇ ನನ್ನ ಹೆಂಡತಿ ಮಜ್ಜಿಗೆ ನೀರಿಗೆ ಹಾಕುತ್ತಿದ್ದಳು. ಯಾಕೆ ಅಂತ ಕೇಳಿದರೆ "ಕಪ್ಪಾಗಲ್ವಾ ಮತ್ತೆ" ಅಂದಳು. ಗಾಳಿಯ ಆಕ್ಸಿಜನ್ ತಾಗಿ ಕಿಣ್ವವೊಂದು ಅದನ್ನು ಕಪ್ಪು ಮಾಡುತ್ತದೆ. ಹುಳಿ ಆ ಕಿಣ್ವವನ್ನು ನಿಧಾನ ಮಾಡುತ್ತದೆ. ಮಜ್ಜಿಗೆ ಬದಲು ನಿಂಬೆರಸ ಹಾಕಿದರೆ ಹುಳಿಯ ಜೊತೆಗೆ ವಿಟಮಿನ್ ಸಿ ಕೂಡ ಸೇರಿಕೊಂಡು ಬಣ್ಣ ತಿರುಗುವುದನ್ನು ತಡೆಯುತ್ತದೆ. ಅಜ್ಜಿಯಂದಿರು ಹೆಸರು ಗೊತ್ತಿಲ್ಲದೆಯೂ ಆಂಟಿ ಆಕ್ಸಿಡೆಂಟ್ ಬಳಸುತ್ತಿದ್ದರು.

ದೊಡ್ಡವರಿಗೆ ದಿನಕ್ಕೆ ಬೇಕಾದ ವಿಟಮಿನ್ ಸಿ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ ಅಂತ ನಮ್ಮ ದೇಶದ ಲೆಕ್ಕ. ನೆಲ್ಲಿಕಾಯಿ, ಸೀಬೆ ಎರಡರಲ್ಲೂ ನೂರು ಗ್ರಾಂಗೆ ಇನ್ನೂರಕ್ಕಿಂತ ಜಾಸ್ತಿ ಇದೆ. ಅಂದರೆ ಒಂದು ದೊಡ್ಡ ನೆಲ್ಲಿಕಾಯಿಯೋ ಅರ್ಧ ಸೀಬೆಹಣ್ಣೋ ಸಾಕಾಯಿತು. ಆದರೆ ಇದು ಬಿಸಿಗೂ ನೀರಿಗೂ ಹೆದರುವ ವಿಟಮಿನ್. ಚಿತ್ರಾನ್ನಕ್ಕೆ ನಿಂಬೆ ಹಿಂಡುವುದು ಒಲೆ ಆರಿಸಿದ ಮೇಲೆ. ನೆಲ್ಲಿಕಾಯಿಯನ್ನು ಬೇಯಿಸದೆ ರುಬ್ಬಿ ಮಜ್ಜಿಗೆಗೆ ಬೆರೆಸಿದ ತಂಬುಳಿ ಅದಕ್ಕೇ ಒಳ್ಳೆಯದು. ಬಸ್ಸಾರು ಇನ್ನೂ ಜಾಣತನದ್ದು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲುವ ಬದಲು ಅದನ್ನೇ ಸಾರು ಮಾಡುತ್ತೇವೆ. ನೀರಿಗೆ ಇಳಿದದ್ದು ತಟ್ಟೆಗೇ ಬಂತು.

ನುಗ್ಗೆಸೊಪ್ಪು, ದಂಟಿನ ಸೊಪ್ಪಿನಲ್ಲಿರುವ, ದೇಹ ವಿಟಮಿನ್ ಎ ಆಗಿ ಬದಲಾಯಿಸಿಕೊಳ್ಳುವ ಬೀಟಾ ಕ್ಯಾರೋಟಿನ್‌ಗೆ ಎಣ್ಣೆ ಬೇಕು. ಒಗ್ಗರಣೆ, ಮೇಲೊಂದಿಷ್ಟು ತೆಂಗಿನತುರಿ ಇದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ರಾಗಿಯ ಪಾಲಿಫಿನಾಲ್ ಅನ್ನುವ ಆಂಟಿ ಆಕ್ಸಿಡೆಂಟ್ ಇರುವುದು ಸಿಪ್ಪೆಯಲ್ಲಿ. ನಯವಾದ ಮುದ್ದೆಯ ಆಸೆಗೆ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದರೆ ಒಳ್ಳೇದೆಲ್ಲ ಜರಡಿಯಲ್ಲೇ ಉಳಿಯುತ್ತದೆ. ನೇರಳೆ, ಮುರುಗಲು, ಕಾಫಿ ತೋಟದ ಕಿತ್ತಳೆ, ಆಯಾ ಕಾಲಕ್ಕೆ ಸಿಕ್ಕಿದ್ದನ್ನು ತಿನ್ನಿ. ಆಂಟಿ ಆಕ್ಸಿಡೆಂಟ್ ಶಕ್ತಿಗೆ ಯಾವುದು ಎಷ್ಟು ಅಂಕ ಪಡೆದಿದೆ ಅಂತ ಹುಡುಕುತ್ತಾ ಕೂರಬೇಡಿ. ಅಮೆರಿಕದ ಕೃಷಿ ಇಲಾಖೆ ಇಂಥ ಅಂಕಗಳ ದೊಡ್ಡ ಪಟ್ಟಿಯನ್ನೇ ಇಟ್ಟಿತ್ತು. ಪ್ರನಾಳದ ಅಂಕಕ್ಕೂ ದೇಹದಲ್ಲಿ ಆಗುವುದಕ್ಕೂ ಸಂಬಂಧ ಕಾಣದೆ, ಮಾರುವವರು ಅದನ್ನು ದುರುಪಯೋಗ ಮಾಡುತ್ತಿದ್ದಾರೆ ಅಂತ 2012ರಲ್ಲಿ ತೆಗೆದುಹಾಕಿತು.

ಕಾಫಿ ಬಗ್ಗೆ ಹೇಳದಿದ್ದರೆ ಹಾಸನ, ಚಿಕ್ಕಮಗಳೂರು ಜಿಲ್ಲೆಯವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಕಾಫಿಯಲ್ಲಿ ಕ್ಲೋರೋಜೆನಿಕ್ ಆಮ್ಲ ಅನ್ನುವ ಆಂಟಿ ಆಕ್ಸಿಡೆಂಟ್ ಚೆನ್ನಾಗಿದೆ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಜಾಸ್ತಿ. ಕಪ್ಪಾಗಿ ಹುರಿದಷ್ಟೂ ಅದು ಕಮ್ಮಿಯಾಗುತ್ತದೆ. ಪುಡಿಯ ಪೊಟ್ಟಣದ ಮೇಲೆ ಚಿಕೋರಿ ಎಷ್ಟು ಅಂತ ಬರೆದಿರುತ್ತದೆ, ನೂರಕ್ಕೆ 49ರವರೆಗೂ ಇರಬಹುದು. ಅಂಥದ್ದು ಕುಡಿದು ಕಾಫಿಯ ಗುಣ ಲೆಕ್ಕ ಹಾಕಿದರೆ ಅರ್ಧ ಲೆಕ್ಕ ತಪ್ಪು. ಊಟದ ಜೊತೆಗೇ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತ ಕಮ್ಮಿ ಇರುವ ಹೆಂಗಸರು ಊಟಕ್ಕೂ ಕಾಫಿಗೂ ಒಂದು ಗಂಟೆ ಬಿಡುವುದು ಒಳ್ಳೆಯದು.

ಹೆಜ್ಜೆ 5: ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ

ಈಗ ಆ ಹೆಸರು. ಚಿಕ್ಕಪ್ಪನ ಡಬ್ಬಿಯ ಹಿಂದೆ ಇದ್ದದ್ದು ಬೀಟಾ ಕ್ಯಾರೋಟಿನ್.

ಫಿನ್‌ಲ್ಯಾಂಡ್‌ನಲ್ಲಿ ಸಿಗರೇಟು ಸೇದುವ 29,133 ಗಂಡಸರನ್ನು ಗುಂಪು ಮಾಡಿ, ಕೆಲವರಿಗೆ ದಿನಾ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಕೊಟ್ಟು ಐದರಿಂದ ಎಂಟು ವರ್ಷ ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ಕಮ್ಮಿಯಾಗುತ್ತದೆ ಅನ್ನುವ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ತಗೊಂಡವರಲ್ಲಿ ಕ್ಯಾನ್ಸರ್ ಶೇಕಡಾ 18ರಷ್ಟು ಜಾಸ್ತಿ! ಅಮೆರಿಕದಲ್ಲೂ ಸೇದುವವರು ಮತ್ತು ಆಸ್ಬೆಸ್ಟಾಸ್ ಕೆಲಸಗಾರರ ಮೇಲೆ ಇಂಥದ್ದೇ ಪ್ರಯೋಗ ನಡೆದಿತ್ತು. ಶೇಕಡಾ 28 ಜಾಸ್ತಿ ಕಂಡು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ನಲವತ್ತು ವರ್ಷ ಬೀಡಿ ಸೇದಿದವರಿಗೆ ಮಾರಿದ್ದು ಇದನ್ನು.

ಚಿಕ್ಕಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. "ನುಗ್ಗೆಸೊಪ್ಪಲ್ಲೂ ಅದೇ ಐತೆ ಅಂದೆಯಲ್ಲಪ್ಪ, ಅದು ಒಳ್ಳೇದು, ಇದು ಕೆಟ್ಟದ್ದಾ?" ಸೊಪ್ಪಿನಲ್ಲಿ ಅದು ನೂರಾರು ಸಂಗತಿಗಳ ಜೊತೆ, ಸಣ್ಣ ಪ್ರಮಾಣದಲ್ಲಿ ಬರುತ್ತದೆ. ಮಾತ್ರೆಯಲ್ಲಿ ಒಂದೇ ಅಣು, ರಾಶಿ ರಾಶಿ. ಚಪ್ಪಲಿ ಕೊಟ್ಟವನಿಗೆ ವಾಪಸ್ ಕೊಡುವವರು ಸಾಲದೆ ಹೋದರೆ, ಅದರಲ್ಲೂ ಹೊಗೆ ತುಂಬಿದ ಶ್ವಾಸಕೋಶದಲ್ಲಿ, ಅವನೇ ಕಳ್ಳನಾಗಬಹುದು.

ವಿಟಮಿನ್ ಇ ಕಥೆಯೂ ಹೀಗೇ. 35,000ಕ್ಕೂ ಹೆಚ್ಚು ಗಂಡಸರ ಅಮೆರಿಕನ್ ಅಧ್ಯಯನದಲ್ಲಿ ದಿನಾ 400 ಯೂನಿಟ್ ತಗೊಂಡವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17 ಜಾಸ್ತಿ ಅಂತ 2011ರಲ್ಲಿ ವರದಿಯಾಯಿತು. 2009ರ ಇನ್ನೊಂದು ಅಧ್ಯಯನ ನನಗೆ ತುಂಬಾ ಇಷ್ಟ. ಹುಡುಗರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಕೆಲವರಿಗೆ ವಿಟಮಿನ್ ಸಿ, ಇ ಮಾತ್ರೆಯನ್ನೂ ಕೊಟ್ಟರು. ಬರೀ ವ್ಯಾಯಾಮ ಮಾಡಿದವರ ದೇಹ ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸತೊಡಗಿತು. ಮಾತ್ರೆ ತಗೊಂಡವರಿಗೆ ಆ ಲಾಭ ಸಿಗಲಿಲ್ಲ. ಬೆವರು ಸುರಿಸುವಾಗ ಹುಟ್ಟುವ ಸ್ವಲ್ಪ ರ‍್ಯಾಡಿಕಲ್‌ಗಳೇ ಒಳಗಿನ ಕಿಣ್ವಗಳನ್ನು ಎಬ್ಬಿಸುವ ಗಂಟೆ. ಮಾತ್ರೆ ಆ ಗಂಟೆಯ ಬಾಯಿಗೆ ಬಟ್ಟೆ ತುರುಕಿತು. ಹಾಗಾಗಿ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯುವುದನ್ನೂ ಆಂಟಿ ಆಕ್ಸಿಡೆಂಟ್ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ಅರಿಶಿನ ಅಡುಗೆಯಲ್ಲಿ ಇರಲಿ. ಕ್ಯಾಪ್ಸೂಲಿನಲ್ಲಿ ಮಾತ್ರ, ಅದರಲ್ಲೂ ಮೆಣಸಿನ ಸಾರ ಬೆರೆಸಿ ರಕ್ತಕ್ಕೆ ಜಾಸ್ತಿ ಸೇರುವಂತೆ ಮಾಡಿದ್ದರಲ್ಲಿ, ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ.

ಹೆಜ್ಜೆ 6: ಮಾತ್ರೆ ನಿಜವಾಗಿ ಕೆಲಸಕ್ಕೆ ಬರುವ ಕಡೆ ಡಾಕ್ಟರ ಮಾತು ಕೇಳಿ

ಎಲ್ಲ ಮಾತ್ರೆಯೂ ಮೋಸ ಅಂತ ನಾನು ಹೇಳುತ್ತಿಲ್ಲ. ಪ್ಯಾರಾಸಿಟಮಾಲ್ ಅತಿಯಾದವರಿಗೆ ಆಸ್ಪತ್ರೆಯಲ್ಲಿ ಕೊಡುವ ಎನ್ ಅಸಿಟೈಲ್ ಸಿಸ್ಟೀನ್ ಖಾಲಿಯಾದ ಗ್ಲುಟಾಥಯೋನನ್ನು ಮತ್ತೆ ತುಂಬಿಸುತ್ತದೆ. ಎಂಟು ಗಂಟೆಯೊಳಗೆ ಶುರುಮಾಡಿದರೆ ಲಿವರ್ ಬಹುತೇಕ ಉಳಿಯುತ್ತದೆ. ವಯಸ್ಸಾದವರಲ್ಲಿ ಕಣ್ಣಿನ ರೆಟಿನಾದ ನಡುಭಾಗ ಸವೆಯುವ ಕಾಯಿಲೆ ಇದೆ. ಅದು ಒಂದು ಹಂತ ತಲುಪಿದವರಿಗೆ ವಿಟಮಿನ್ ಸಿ, ಇ, ಸತು ಸೇರಿದ ಮಾತ್ರೆ ದೃಷ್ಟಿ ಕೆಡುವುದನ್ನು ನಿಧಾನ ಮಾಡುತ್ತದೆ. ಅದರಲ್ಲೂ ಮೊದಲು ಬೀಟಾ ಕ್ಯಾರೋಟಿನ್ ಇತ್ತು. 2013ರ ಅಧ್ಯಯನದ ನಂತರ ಅದರ ಜಾಗಕ್ಕೆ ಲ್ಯೂಟಿನ್, ಜಿಯಾಕ್ಸಾಂಥಿನ್ ಅನ್ನುವ ಅದೇ ಜಾತಿಯ ಬೇರೆ ಎರಡು ಅಂಶಗಳು ಬಂದವು. ಎರಡೂ ಕಡೆ ಗಮನಿಸಿ: ಯಾವ ಅಂಗಾಂಶಕ್ಕೆ, ಯಾವ ಹಂತದಲ್ಲಿ, ಎಷ್ಟು ಅನ್ನುವುದು ನಿಖರವಾಗಿ ಗೊತ್ತಿದೆ. "ಎಲ್ಲದಕ್ಕೂ ಒಳ್ಳೇದು" ಅಂತ ಯಾರೂ ಹೇಳುತ್ತಿಲ್ಲ.

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಜಾಸ್ತಿ ಪ್ರಮಾಣದ ವಿಟಮಿನ್ ಇ ನುಂಗಿದರೆ ರಕ್ತಸ್ರಾವದ ಭಯ ಇದೆ. ಕಿಡ್ನಿಯಲ್ಲಿ ಕಲ್ಲಾಗಿದ್ದವರಿಗೆ ಗ್ರಾಂಗಟ್ಟಲೆ ವಿಟಮಿನ್ ಸಿ ಒಳ್ಳೆಯದಲ್ಲ. ಕ್ಯಾನ್ಸರ್‌ಗೆ ಕಿಮೋ, ರೇಡಿಯೇಶನ್ ನಡೆಯುತ್ತಿರುವವರಂತೂ ತಾವಾಗೇ ಏನನ್ನೂ ಶುರುಮಾಡಬಾರದು. ಆ ಚಿಕಿತ್ಸೆ ಎಷ್ಟೋ ಸಲ ಕ್ಯಾನ್ಸರ್ ಕೋಶವನ್ನು ಕೊಲ್ಲುವುದೇ ಫ್ರೀ ರ‍್ಯಾಡಿಕಲ್ ಮೂಲಕ. ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರು ಅದನ್ನು ಪ್ರತಿ ಡಾಕ್ಟರಿಗೂ ಮೊದಲೇ ಹೇಳಬೇಕು. ಅವರ ಕೆಂಪು ರಕ್ತಕಣಗಳಲ್ಲಿ ಗ್ಲುಟಾಥಯೋನ್ ಮರಳಿ ತುಂಬುವ ವ್ಯವಸ್ಥೆಯೇ ದುರ್ಬಲ, ಕೆಲವು ಮಲೇರಿಯಾ ಮಾತ್ರೆಗಳಿಗೂ ರಕ್ತಕಣ ಒಡೆಯುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ "ಏನೋ ಶಕ್ತಿ ಮಾತ್ರೆ ತಗೊಳ್ತಿದ್ದೀನಿ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ಹಿಂದಿನ ಪಟ್ಟಿ ತೋರಿಸಿ. ಚಿಕ್ಕಪ್ಪ ಮಾರನೇ ದಿನ ಹಾಗೇ ಹೋದರು. ಬೀಡಿ ಕಟ್ಟನ್ನೂ ಜೊತೆಗೆ ತೋರಿಸಿ ಅಂತ ನಾನು ಹೇಳಿದ್ದೆ. ಅದನ್ನು ಮಾತ್ರ ಮನೆಯಲ್ಲೇ ಮರೆತು ಹೋಗಿದ್ದರು.